ನಷ್ಟವಾಗದೆ ನಷ್ಟ ಕಲಿಯುವ ಆಟ

ಒಂದು ಹಾಳೆಗೆ 10 ರೂಪಾಯಿ. ಅದನ್ನು ಮಡಚಿ ದೋಣಿ ಮಾಡಿಕೊಟ್ಟರೆ 15 ರೂಪಾಯಿ. ಸಮಯ ಹತ್ತು ನಿಮಿಷ. ಮೂಲೆ ಕೂಡದ, ತಳ ನಿಲ್ಲದ ದೋಣಿಯನ್ನು ಖರೀದಿದಾರ ಮುಟ್ಟುವುದಿಲ್ಲ. ಮಿಕ್ಕ ಹಾಳೆಯನ್ನು ಅಂಗಡಿಯವ ವಾಪಸ್ ತೆಗೆದುಕೊಳ್ಳುವುದಿಲ್ಲ. ಎಷ್ಟು ದೋಣಿ ಮಾಡುತ್ತೀರೆಂದು ಮೊದಲೇ ಬರೆದುಕೊಡಬೇಕು, ಬರೆದಷ್ಟು ಹಾಳೆಯನ್ನು ಕೊಳ್ಳಲೇಬೇಕು.

ಹುರುಪಿನ ಹುಡುಗನೊಬ್ಬ 20 ಎಂದು ಬರೆದು 200 ರೂಪಾಯಿಯ ಹಾಳೆ ಎತ್ತುತ್ತಾನೆ. ಗಂಟೆ ಬಾರಿಸುವಾಗ ಅವನ ಮುಂದೆ 13 ದೋಣಿ, ಅವುಗಳಲ್ಲಿ 3 ತಿರಸ್ಕೃತ. ಉಳಿದ 10ಕ್ಕೆ ಬಂದದ್ದು 150 ರೂಪಾಯಿ. ಪಕ್ಕದಲ್ಲಿ ಕೂತ ಹೆಣ್ಣುಮಗಳು 8 ಎಂದು ಬರೆದಿದ್ದಾಳೆ. 80 ಹೂಡಿ, 8 ದೋಣಿಯನ್ನೂ ಒಪ್ಪಿಸಿ, 120 ಎಣಿಸಿಕೊಳ್ಳುತ್ತಾಳೆ. ಹುಡುಗ ಅವಳಿಗಿಂತ ಹೆಚ್ಚು ದುಡಿದ, ಹೆಚ್ಚು ಮಾರಿದ, ಆದರೂ 50 ರೂಪಾಯಿ ಕಳೆದುಕೊಂಡ. ಅವಳಿಗೆ 40 ಉಳಿಯಿತು. ಮಾರಾಟ ಬೇರೆ, ಲಾಭ ಬೇರೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹೀಗೆ ಮನಸ್ಸಿಗೆ ಇಳಿಯುವುದಿಲ್ಲ.

ದರ, ಸಮಯ, ನಿಯಮಗಳನ್ನು ತರಬೇತುದಾರರು ತಮ್ಮ ತಮ್ಮ ಅನುಕೂಲಕ್ಕೆ ಬದಲಿಸಿಕೊಳ್ಳುತ್ತಾರೆ. ಲೆಕ್ಕ ಸುಲಭವಾಗಲೆಂದು ನಾನು ಈ ಅಂಕಿಗಳನ್ನು ಇಟ್ಟಿದ್ದೇನೆ. ದೋಣಿಯಾಟ ಮಾತ್ರ ನಿಜದ್ದು. ಕರ್ನಾಟಕದ ಸ್ವಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಅದು ಬಹುಕಾಲದಿಂದ ನಡೆದುಬಂದಿದೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ನಿರುದ್ಯೋಗಿ ಯುವಕರಿಗೆ ಊಟ, ವಸತಿ ಕೊಟ್ಟು, ಅಲ್ಪ ದಿನ ಕಲಿಸಿ, ದೀರ್ಘ ಕಾಲ ಬೆನ್ನಿಗೆ ನಿಲ್ಲುವುದು ಅದರ ರೀತಿ. ಆ ಮಾದರಿಯನ್ನೇ ಎತ್ತಿಕೊಂಡು ಕೇಂದ್ರ ಸರ್ಕಾರ 2009ರಿಂದ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ ತೆರೆಸಲು ಹೊರಟಿತು. ನಮ್ಮ ಬೀದರಿಗೂ ಅದು ಬಂದಿದೆ. ಹೊಲಿಗೆ ಕಲಿಯಲು ಹೋದವರೂ ಹೈನುಗಾರಿಕೆ ಕಲಿಯಲು ಹೋದವರೂ ಅಲ್ಲಿ ಒಂದೆರಡು ದಿನ ಆಟ ಆಡುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ, ಗೂಟಕ್ಕೆ ರಿಂಗ್ ಎಸೆಯುತ್ತಾರೆ, ಕಾಗದದ ದೋಣಿ ಮಾರುತ್ತಾರೆ.

ನನ್ನ ಪ್ರಶ್ನೆ ಇಷ್ಟು: ಅಂಗಡಿ ಇಡಲು ಹೊರಟವರಿಗೆ ಮಾತ್ರ ಈ ಆಟ ಏಕೆ? ಇನ್ನೊಬ್ಬರ ಹಣವನ್ನು ದಿನಾ ಕೈಯಲ್ಲಿ ಹಿಡಿಯುವ ನೌಕರರಿಗೆ ಏಕಿಲ್ಲ?

ಸಂತಪುರದಂಥ ಊರಿನಲ್ಲಿ ನೌಕರರು ಎಂದರೆ ಯಾರು? ಬೀದರಿನಿಂದ ಔರಾದಿಗೆ ಹೋಗುವ ದಾರಿಯ ಹೋಬಳಿ ಊರು ಇದು. ಹಳೆಯ ಜನಗಣತಿಯ ಪುಸ್ತಕಗಳಲ್ಲಿ ಔರಾದ ತಾಲ್ಲೂಕು ದಾಖಲಾಗಿರುವುದೇ ಸಂತಪುರದ ಹೆಸರಿನಲ್ಲಿ. ಇಲ್ಲಿ ದೊಡ್ಡ ಕಾರ್ಖಾನೆ ಇಲ್ಲ, ಐಟಿ ಕಂಪನಿ ಇಲ್ಲ. ಇರುವವರು ಪ್ರಾಥಮಿಕ ಕೃಷಿ ಪತ್ತಿನ ಸಂಘದ (ಪಿಕೆಪಿಎಸ್) ಕಾರ್ಯದರ್ಶಿ, ಗೊಬ್ಬರದ ಗೋದಾಮಿನ ಹುಡುಗ, ರೈತ ಉತ್ಪಾದಕ ಕಂಪನಿಯ ಲೆಕ್ಕಿಗ, ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟದಲ್ಲಿ ಪುಸ್ತಕ ಬರೆಯುವ ಅಕ್ಕ, ಅಡತ್ ಅಂಗಡಿಯ ಮುನೀಮ, ಸಕ್ಕರೆ ಕಾರ್ಖಾನೆಗೆ ಕಬ್ಬು ನೋಂದಾಯಿಸುವ ಫೀಲ್ಡ್‌ಮನ್. ಸಂಬಳ ಸಣ್ಣದು, ಕೈ ದಾಟಿ ಹೋಗುವ ರೊಕ್ಕ ದೊಡ್ಡದು. ಅವರಲ್ಲಿ ಒಬ್ಬರ ಅಂದಾಜು ತಪ್ಪಿದರೆ ಹತ್ತು ಹಳ್ಳಿಗಳ ಷೇರು ಹಣ ಅಲುಗಾಡುತ್ತದೆ.

ಇವರಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಜಮಾ–ಖರ್ಚು ಬರೆಯುವುದರಲ್ಲಿ ಹಲವರು ನಿಪುಣರು, ಕಿರ್ದಿಯ ಪುಟದಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೂ ರಾತ್ರಿ ನಿದ್ದೆ ಬಾರದವರು. ಅವರಿಗೆ ಸಿಗದೆ ಉಳಿದದ್ದು ಇಡೀ ವ್ಯವಹಾರದ ನೋಟ. ಈಗ ಅದು ಇನ್ನಷ್ಟು ದೂರವಾಗುತ್ತಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಕೆಲಸ, ಪುಸ್ತಕ ತಿದ್ದುವ ಚಟಕ್ಕೆ ಅದು ಕಡಿವಾಣ ಹಾಕುತ್ತದೆ. ಆದರೆ ಕೈಯಲ್ಲಿ ಖತಾವಣಿ ಬರೆಯುವವನಿಗೆ ಯಾವ ಖಾತೆ ಊದಿಕೊಳ್ಳುತ್ತಿದೆ, ಯಾವುದು ಒಣಗುತ್ತಿದೆ ಎಂಬ ಸುಳಿವು ಬರೆಯುತ್ತ ಬರೆಯುತ್ತಲೇ ಸಿಗುತ್ತಿತ್ತು. ಯಂತ್ರ ತಾನೇ ಕೂಡಿಸಿ ತೋರಿಸುವಾಗ ಆ ಸುಳಿವನ್ನು ಬೇರೆ ದಾರಿಯಲ್ಲಿ ಕಲಿಸಬೇಕಾಗುತ್ತದೆ.

ಆಟ ಆಡಿಸಿ ವ್ಯವಹಾರ ಕಲಿಸುವ ದಾರಿ ಹೊಸದಲ್ಲ. 1932ರಲ್ಲಿ ಲೆನಿನ್‌ಗ್ರಾಡಿನಲ್ಲಿ ಮರಿಯಾ ಬಿರ್‌ಷ್ಟೈನ್ ಎಂಬಾಕೆ, ಟೈಪ್‌ರೈಟರ್ ಕಾರ್ಖಾನೆಯೊಂದು ಹೊಸದಾಗಿ ಉತ್ಪಾದನೆ ಶುರು ಮಾಡುವಾಗ ಏನೇನು ಎಡವಟ್ಟಾಗಬಹುದೆಂದು ಅಲ್ಲಿನ ಜನರಿಂದಲೇ ಮೊದಲು ಆಡಿಸಿ ನೋಡಿದರು. ಅಮೆರಿಕದಲ್ಲಿ ನೌಕಾಪಡೆಯ ಯುದ್ಧದಾಟವನ್ನು ನೋಡಿ ಬಂದ ಮ್ಯಾನೇಜ್‌ಮೆಂಟ್ ಸಂಘದವರು 1956–57ರ ಹೊತ್ತಿಗೆ ಕಂಪನಿ ನಡೆಸುವ ಆಟವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಈಗ ಅದು ದೊಡ್ಡ ದಂಧೆ. ದೊಡ್ಡ ಕಂಪನಿಗಳು ತಮ್ಮ ಎಂಜಿನಿಯರುಗಳನ್ನು ಹೋಟೆಲಿನಲ್ಲಿ ಕೂರಿಸಿ ಎರಡು ದಿನ ಕಾಲ್ಪನಿಕ ಕಂಪನಿ ನಡೆಸಲು ಹಚ್ಚುತ್ತವೆ.

ನಮಗೆ ಹತ್ತಿರದ ಕಥೆ ಹೈದರಾಬಾದಿನದು. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆಸಿ, ಸಾಧಿಸಬೇಕೆಂಬ ಹಂಬಲವನ್ನು ಕಲಿಸಬಹುದೇ ಎಂದು ಪರೀಕ್ಷಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಮುಂದಿನ ವರ್ಷಗಳಲ್ಲಿ ಹೆಚ್ಚು ಚುರುಕಾಗಿ ವ್ಯವಹಾರ ಬೆಳೆಸಿದರೆಂದು ಅವರು ಮತ್ತು ಡೇವಿಡ್ ವಿಂಟರ್ 1969ರ ಪುಸ್ತಕದಲ್ಲಿ ಬರೆದರು. ಅವರ ರಿಂಗ್ ಎಸೆತದಲ್ಲಿ ಗುಟ್ಟೊಂದಿದೆ. ಎಷ್ಟು ದೂರದಿಂದ ಎಸೆಯಬೇಕೆಂಬುದು ಆಡುವವರ ಆಯ್ಕೆ. ಕೆಲವರು ಗೂಟದ ಮಗ್ಗುಲಲ್ಲೇ ನಿಂತು ರಿಂಗ್ ಇಳಿಬಿಡುತ್ತಾರೆ, ಕೆಲವರು ಗೋಡೆಗೆ ಬೆನ್ನು ಹಚ್ಚಿ ದೈವದ ಮೇಲೆ ಭಾರ ಹಾಕುತ್ತಾರೆ. ಸಾಧಿಸುವ ಛಲವುಳ್ಳವರು ನಡುವಿನ ಜಾಗ ಆರಿಸುತ್ತಾರೆ: ಕಷ್ಟವಿರಬೇಕು, ಆದರೆ ತಮ್ಮ ಕೈಚಳಕಕ್ಕೆ ಒಲಿಯುವಂತಿರಬೇಕು. ಆರ್‌ಸೆಟಿಯ ಕೋಣೆಗಳಲ್ಲಿ ಇಂದು ಬೀಳುವ ರಿಂಗಿನ ಸದ್ದು ಆ ಪ್ರಯೋಗಗಳಿಂದಲೇ ಬಂದದ್ದು.

ಈಗ ಇದನ್ನೆಲ್ಲ ನಮ್ಮ ಕರಿಮಣ್ಣಿಗೆ ತರೋಣ. ಬೀದರ್ ಜಿಲ್ಲೆ ರಾಜ್ಯದ ಸೋಯಾ ಸೀಮೆ. ಹೆಸರು, ಉದ್ದು, ತೊಗರಿ, ಸೋಯಾ ನಾಲ್ಕೂ ಮುಂಗಾರಿನಲ್ಲಿ ಬರುತ್ತವೆ, ಒಂದರ ಹಿಂದೊಂದು ರಾಶಿಯಾಗುತ್ತವೆ. 2020ರಲ್ಲಿ ಶುರುವಾದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಒಂದೊಂದು ಸಂಸ್ಥೆಗೂ ನಿರ್ವಹಣೆಯ ಖರ್ಚಿಗೆಂದು ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ ಸಿಗುತ್ತದೆ. ಮೂರು ವರ್ಷ ಕಳೆದ ಮೇಲೆ ಸಿಇಒ ಸಂಬಳವೂ ಲೆಕ್ಕಿಗನ ಸಂಬಳವೂ ಸಂಸ್ಥೆಯ ದುಡಿಮೆಯಿಂದಲೇ ಹುಟ್ಟಬೇಕು. ನಾಲ್ಕು ಜನ ನೌಕರರಿರುವ ಅಂಥ ಕಚೇರಿಗೊಂದು ಆಟವನ್ನು ಕಟ್ಟಿ ನೋಡಿದ್ದೇನೆ. ಅಂಕಿಗಳು ನಾನು ಇಟ್ಟವು. ಊರಿನ ಯಾರೇ ನೋಡಿದರೂ ಒಪ್ಪುವಂತಿವೆ.

ಒಬ್ಬರು ಖರೀದಿ, ಒಬ್ಬರು ಗೋದಾಮು, ಒಬ್ಬರು ಮಾರಾಟ, ಒಬ್ಬರು ಲೆಕ್ಕ. ಬ್ಯಾಂಕಿನ ಸಾಲದ ಮಿತಿ 10 ಲಕ್ಷ, ಬಡ್ಡಿ ವರ್ಷಕ್ಕೆ ಶೇ 12. ಖರೀದಿಯವರು ಕ್ವಿಂಟಲ್‌ಗೆ 4,500ರಂತೆ 200 ಕ್ವಿಂಟಲ್ ಸೋಯಾ ಹಿಡಿಯುತ್ತಾರೆ: 9 ಲಕ್ಷ. ಚೀಲ, ಹಮಾಲಿ, ಗಾಡಿ ಬಾಡಿಗೆ ಕ್ವಿಂಟಲ್‌ಗೆ 150ರಂತೆ 30,000. ಮಾರಾಟದವರಿಗೆ ಎಣ್ಣೆ ಗಿರಣಿಯೊಂದು 4,900 ದರ ಹೇಳುತ್ತದೆ. ಗಂಜಿನಲ್ಲಿ ರೋಖಿಗೆ 4,750 ನಡೆಯುತ್ತಿದೆ. ಎಲ್ಲರ ಕಣ್ಣೂ 4,900ರ ಮೇಲೆ. 200 ಕ್ವಿಂಟಲ್‌ಗೆ 9,80,000. ಅಂದರೆ 50,000 ರೂಪಾಯಿ ಲಾಭ. ಮೇಜಿನ ಸುತ್ತ ಕೂತವರ ಮುಖ ಅರಳುತ್ತದೆ. ಖರೀದಿಯವರು ಅಗ್ಗಕ್ಕೆ ಹಿಡಿದರು, ಮಾರಾಟದವರು ತುಟ್ಟಿಗೆ ಕೊಟ್ಟರು, ಇನ್ನೇನು ಬೇಕು?

ಆಗ ತರಬೇತುದಾರರು ಒಂದೊಂದೇ ಚೀಟಿ ಬಿಚ್ಚುತ್ತಾರೆ. ಗಿರಣಿಯವರು ದುಡ್ಡು ಕೊಡುವುದು 45 ದಿನಕ್ಕೆ. ಖರೀದಿಯ ಅವಸರದಲ್ಲಿ ಹಸಿ ಕಾಳು ಬಂದಿದೆ, ಗಿರಣಿಗೆ ಬೇಕಾದದ್ದು ಶೇ 12ರೊಳಗಿನ ತೇವ. ಒಣಗಿಸಿದಾಗ ತೂಕದಲ್ಲಿ ನೂರಕ್ಕೆ ಎರಡು ಹೋಯಿತು: 4 ಕ್ವಿಂಟಲ್, 19,600 ರೂಪಾಯಿ. 9,30,000ಕ್ಕೆ 45 ದಿನದ ಬಡ್ಡಿ ಸುಮಾರು 13,760. ಉಳಿದದ್ದು 16,640. ತಿಂಗಳಿಗೆ 15,000ದಂತೆ ಆಫೀಸಿನ ಒಂದೂವರೆ ತಿಂಗಳ ಖರ್ಚು 22,500 ಕಳೆಯಿರಿ. 5,860 ರೂಪಾಯಿ ನಷ್ಟ.

ಮೇಜಿನಲ್ಲಿ ಈಗ ಬೇರೆ ಮಾತು ಹುಟ್ಟುತ್ತದೆ. “ನಂದು ಬರಾಬರ್ ಅದ, ಗೋದಾಮಿನಾಗೇ ತೂಕ ಹೋಗ್ಯದ,” ಎನ್ನುತ್ತಾರೆ ಖರೀದಿಯವರು. “ಹಸಿ ಮಾಲು ತಂದವರು ಯಾರ್ರೀ ಅಣ್ಣಾ?” ಎಂದು ಗೋದಾಮಿನವರು. ಮಾರಾಟದವರು ತಮ್ಮ 4,900ನ್ನು ಬಿಟ್ಟುಕೊಡುವುದಿಲ್ಲ. ಈ ಜಗಳವನ್ನು ಒಳ್ಳೆಯ ತರಬೇತುದಾರರು ಸ್ವಲ್ಪ ಹೊತ್ತು ನಡೆಯಲು ಬಿಡಬೇಕು. ನಿಜವಾದ ಸಂಘಗಳಲ್ಲಿ ಇದೇ ಜಗಳ ಆಡಿಟ್ ವರದಿ ಬಂದ ಮೇಲೆ, ರೊಕ್ಕ ಹೋದ ಮೇಲೆ, ಸಂಬಂಧ ಕೆಟ್ಟ ಮೇಲೆ ನಡೆಯುತ್ತದೆ. ಇಲ್ಲಿ ಕಾಗದದ ಸೋಯಾ ಹೋಗಿದೆ, ಜನ ಉಳಿದಿದ್ದಾರೆ.

ಎರಡನೆಯ ಸುತ್ತು. ಅದೇ ದರ, ಅದೇ ಜನ. ಈ ಸಲ ಲೆಕ್ಕದವರು ಮೊದಲೇ ಬಾಯಿ ಬಿಡುತ್ತಾರೆ: ರೊಕ್ಕ ಎಷ್ಟು ದಿನಕ್ಕೆ ತಿರುಗಿ ಬರುತ್ತದೆ? ಒಣಗಿದ ಕಾಳನ್ನಷ್ಟೇ ಹಿಡಿದು, 15 ದಿನದೊಳಗೆ ಗಂಜಿನಲ್ಲಿ 4,750ಕ್ಕೆ ಕೊಟ್ಟರೆ 9,50,000. ಅಸಲು 9,30,000 ಕಳೆದರೆ 20,000. ಬಡ್ಡಿ ಸುಮಾರು 4,590, ಆಫೀಸಿನ ಖರ್ಚು 7,500. ಕೈಗೆ 7,910 ರೂಪಾಯಿ. ಕ್ವಿಂಟಲ್‌ಗೆ 150 ಕಡಿಮೆಗೆ ಮಾರಿಯೂ ಲಾಭ. ಮೇಲಾಗಿ ಬ್ಯಾಂಕಿನ ಮಿತಿ ಮತ್ತೆ ತೆರವಾಯಿತು. ಅದೇ 45 ದಿನದಲ್ಲಿ ಇನ್ನೆರಡು ಸಲ ಮಾಲು ಹಿಡಿಯಬಹುದು. ಮೊದಲ ಸುತ್ತಿನಲ್ಲಿ ರೊಕ್ಕ ಗಿರಣಿಯಲ್ಲಿ ಕೂತಿತ್ತು, ರೈತ ಮುಂದಿನ ಮಾಲು ತಂದಾಗ ಸಂಸ್ಥೆಯ ಕೈ ಬರಿದಾಗಿತ್ತು. ಲಾಭ ಪುಸ್ತಕದಲ್ಲಿದ್ದರೂ ಪೆಟ್ಟಿಗೆಯಲ್ಲಿ ರೊಕ್ಕ ಇಲ್ಲದಿರಬಹುದು ಎಂಬುದನ್ನು ತಲೆಯಲ್ಲಿ ಕೂರಿಸಲು ಇದಕ್ಕಿಂತ ನೇರವಾದ ಪಾಠ ನನಗೆ ಗೊತ್ತಿಲ್ಲ.

ಈ ಲೆಕ್ಕದಲ್ಲಿ ಕಠಿಣವಾದ ಗಣಿತ ಏನೂ ಇಲ್ಲ. ಏಳನೆಯ ಇಯತ್ತೆಯ ಹುಡುಗಿ ಮಾಡಿಯಾಳು. ಕಷ್ಟವಿರುವುದು ನಾಲ್ಕು ಜನರ ಬಳಿ ಹಂಚಿಹೋಗಿರುವ ತಿಳಿವಳಿಕೆಯನ್ನು ಒಂದೆಡೆ ತರುವುದರಲ್ಲಿ. ತೇವದ ಸಂಗತಿ ಗೋದಾಮಿನವರಿಗೆ ಗೊತ್ತು, 45 ದಿನದ ಸಂಗತಿ ಮಾರಾಟದವರಿಗೆ ಗೊತ್ತು, ಬಡ್ಡಿ ಲೆಕ್ಕದವರಿಗೆ ಗೊತ್ತು. ಕೇಳುವವರಿಲ್ಲದಿದ್ದರೆ ಮೂರೂ ಮೂರು ಕಡೆ ಉಳಿಯುತ್ತವೆ. ಹಣದ ತಿಳಿವಳಿಕೆ ಒಂದು ಪಾಠ, ಒಗ್ಗಟ್ಟು ಇನ್ನೊಂದು ಪಾಠ ಎಂದು ತರಬೇತಿಯ ವೇಳಾಪಟ್ಟಿಗಳಲ್ಲಿ ಬೇರೆ ಬೇರೆ ದಿನ ಹಾಕುತ್ತಾರೆ. ನನ್ನ ಮಟ್ಟಿಗೆ ಅವು ಒಂದೇ ಪಾಠ. ಜೊತೆಗಾರನ ಕೆಲಸ ತನ್ನ ಅಂಕಿಯನ್ನು ಹೇಗೆ ಮುಟ್ಟುತ್ತದೆಂದು ತಿಳಿಯದವನಿಗೆ ಒಗ್ಗಟ್ಟಿನ ಉಪದೇಶ ಕೊಟ್ಟು ಫಲವಿಲ್ಲ.

ಬೀದರಿಗೆ ಈ ಪಾಠದ ಬೀಜ ಹೊಸದಲ್ಲ. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಹೂಡಿತು. ಅದಕ್ಕೂ ಮೊದಲು ಕರ್ನಾಟಕದ ಮೈರಾಡ ಸಂಸ್ಥೆ ಅಂಥ ಗುಂಪುಗಳನ್ನು ಕಟ್ಟಿ ದಾರಿ ತೋರಿಸಿತ್ತು. ಆ ಯೋಜನೆಯನ್ನು ಮನಸ್ಸಿಟ್ಟು ಕೈಗೆತ್ತಿಕೊಂಡ ಸಹಕಾರಿ ಬ್ಯಾಂಕುಗಳ ಸಾಲಿನಲ್ಲಿ ಬೀದರ್ ಡಿಸಿಸಿ ಬ್ಯಾಂಕ್ ಎದ್ದು ಕಂಡಿತು. ಗುರುಪಾದಪ್ಪ ನಾಗಮಾರಪಳ್ಳಿ ಅದರ ಅಧ್ಯಕ್ಷರಾಗಿದ್ದ ಕಾಲ ಅದು. ದೂರದ ಊರುಗಳ ಸಹಕಾರಿಗಳು ಇಲ್ಲಿಗೆ ಬಂದು ನೋಡಿ ಹೋದರು. ವಾರಕ್ಕೊಮ್ಮೆ ಕೂತು, ಉಳಿತಾಯ ಕೂಡಿಸಿ, ಈ ವಾರ ಯಾರ ಮನೆಗೆ ಸಾಲ ಬೇಕು, ಯಾರದು ಮುಂದಿನ ವಾರ ಕಾಯಬಹುದು ಎಂದು ಎಲ್ಲರ ಎದುರು ನಿರ್ಧರಿಸುವಾಗ ಆ ಗುಂಪುಗಳ ಹೆಂಗಸರು ಮಾಡಿದ್ದು ಇದನ್ನೇ. ನಿಜವಾದ ರೊಕ್ಕ, ಸಣ್ಣ ಮೊತ್ತ, ಎಲ್ಲರಿಗೂ ಕಾಣುವ ಲೆಕ್ಕ, ತಪ್ಪಿದರೆ ತಿದ್ದಿಕೊಳ್ಳುವಷ್ಟು ಅವಕಾಶ. ಅವರಲ್ಲಿ ಅನೇಕರು ಅಕ್ಷರ ಕಲಿಯುವುದಕ್ಕೂ ಮುಂಚೆ ಬಾಕಿ, ಬಡ್ಡಿ, ಕಂತು ಮೂರನ್ನೂ ಬಾಯಲ್ಲಿಟ್ಟುಕೊಂಡಿದ್ದರು.

ಈಗ ಆ ಗುಂಪುಗಳು ಒಕ್ಕೂಟಗಳಾಗಿವೆ. ಸಂಜೀವಿನಿ ಯೋಜನೆಯಡಿ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಸಮುದಾಯ ಬಂಡವಾಳ ನಿಧಿ ಬರುತ್ತದೆ, ಅದನ್ನು ಗುಂಪುಗಳಿಗೆ ಸಾಲವಾಗಿ ಹಂಚಬೇಕು. ಮುಖ್ಯ ಪುಸ್ತಕ ಬರಹಗಾರರು, ಎಂಬಿಕೆ ಎಂದು ಎಲ್ಲರೂ ಕರೆಯುವ ಅಕ್ಕಂದಿರು, ಈ ಹಣದ ಕಾವಲುಗಾರರು. ಮೊತ್ತ ದೊಡ್ಡದಾಯಿತು, ಲೆಕ್ಕ ಆ್ಯಪಿಗೆ ಹೋಯಿತು. ಹಿಂದೆ ಇಪ್ಪತ್ತು ಜನರ ಎದುರು ನಡೆಯುತ್ತಿದ್ದ ತೀರ್ಮಾನ ಈಗ ಮೂರು ಪದಾಧಿಕಾರಿಗಳ ಸಹಿಯಲ್ಲಿ ಮುಗಿಯುವ ಅಪಾಯವಿದೆ. ಎಂಬಿಕೆಗಳಿಗೆ ಕೊಡುವ ತರಬೇತಿಯಲ್ಲಿ ಫಾರಂ ತುಂಬುವುದಕ್ಕಿಂತ ಹೆಚ್ಚು ಸಮಯ ಇಂಥ ಆಟಕ್ಕೆ ಸಿಗಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಒಗ್ಗಟ್ಟಿನ ಆಟಗಳಲ್ಲಿ ನನಗೆ ಬಹಳ ಹಿಡಿಸಿದ್ದು ತುಂಡು ಚೌಕಗಳದು. ಐದು ಜನ, ಐದು ಲಕೋಟೆ, ಒಳಗೆ ಕತ್ತರಿಸಿದ ರಟ್ಟಿನ ತುಂಡುಗಳು. ಎಲ್ಲರ ಎದುರೂ ಒಂದೇ ಅಳತೆಯ ಚೌಕ ಆಗಬೇಕು. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಬೇರೆಯವರ ತುಂಡನ್ನು ಎಳೆದುಕೊಳ್ಳುವಂತಿಲ್ಲ. ತನ್ನದನ್ನು ಕೊಡಬಹುದು ಅಷ್ಟೇ. ಒಬ್ಬ ಬೇಗ ಬೇಗ ತನ್ನ ಚೌಕ ಮುಗಿಸಿ ಕೈಕಟ್ಟಿ ಕೂರುತ್ತಾನೆ. ಅವನು ಬಳಸಿದ್ದು ಪಕ್ಕದವಳಿಗೆ ಬೇಕಾದ ತುಂಡು. ಅವನು ತನ್ನ ಮುಗಿದ ಚೌಕವನ್ನು ತಾನೇ ಒಡೆಯುವವರೆಗೂ ಉಳಿದ ನಾಲ್ವರ ಕೆಲಸ ನಿಂತೇ ಇರುತ್ತದೆ. ಕಚೇರಿಗಳಲ್ಲಿ ತಮ್ಮ ಟಾರ್ಗೆಟ್ ಮುಗಿಸಿ ನೆಮ್ಮದಿಯಾಗಿ ಕೂತವರು ಈ ಆಟದ ಕೊನೆಯಲ್ಲಿ ಬಹಳ ಹೊತ್ತು ಯೋಚಿಸಬೇಕಾಗುತ್ತದೆ.

ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ಬಳಗ 1960ರ ದಶಕದಿಂದ ಆಡಿಸಿಕೊಂಡು ಬಂದಿರುವ ಬಿಯರ್ ಆಟವೊಂದಿದೆ. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ, ಹೀಗೆ ನಾಲ್ಕು ಮೇಜು. ಒಬ್ಬರಿಗೊಬ್ಬರು ಆರ್ಡರ್ ಚೀಟಿ ಮಾತ್ರ ಕಳಿಸಬಹುದು. ಮಾಲು ತಲುಪಲು ವಾರಗಳು ಹಿಡಿಯುತ್ತವೆ. ಗಿರಾಕಿಯ ಬೇಡಿಕೆ ಒಂದೇ ಸಲ ವಾರಕ್ಕೆ 4 ಪೆಟ್ಟಿಗೆಯಿಂದ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಅಂಗಡಿಯವ ಗಾಬರಿಯಾಗಿ ಸ್ವಲ್ಪ ಹೆಚ್ಚು ಕೇಳುತ್ತಾನೆ, ಸಗಟಿನವ ಇನ್ನಷ್ಟು. ಕಾರ್ಖಾನೆ ಮುಟ್ಟುವಷ್ಟರಲ್ಲಿ ಆ ಸಣ್ಣ ಏರಿಕೆ ಹಲವು ಪಟ್ಟಾಗಿ ಬೆಳೆದಿರುತ್ತದೆ. ಮೊದಲು ಎಲ್ಲೆಲ್ಲೂ ಕೊರತೆ, ಆಮೇಲೆ ಎಲ್ಲೆಲ್ಲೂ ರಾಶಿ. ಯಾರೂ ಕೆಟ್ಟವರಲ್ಲ, ಯಾರೂ ಮೂರ್ಖರಲ್ಲ.

ಬಿಯರ್ ಬದಲು ಡಿಎಪಿ ಎಂದು ಹಾಕಿ, ಸಂತಪುರಕ್ಕೆ ಇದು ತಕ್ಷಣ ಅರ್ಥವಾಗುತ್ತದೆ. ಮಿರುಗದ ಮಳೆ ಬಿದ್ದ ಮರುದಿನ ಗೊಬ್ಬರದ ಅಂಗಡಿಯ ಮುಂದೆ ಪಾಳಿ. ಸಿಗಲಿಕ್ಕಿಲ್ಲ ಎಂಬ ಸುದ್ದಿ ಹಬ್ಬಿದರೆ ಎರಡು ಚೀಲ ಬೇಕಾದವರು ನಾಲ್ಕು ಕೇಳುತ್ತಾರೆ, ಸಂಘದವರು ಅದನ್ನೇ ಬೇಡಿಕೆ ಎಂದು ನಂಬಿ ಮೇಲೆ ಬರೆಯುತ್ತಾರೆ. ನಿಜವಾದ ಕೊರತೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೆಲವು ವರ್ಷ ಅದು ಇದ್ದೇ ಇರುತ್ತದೆ. ಆದರೆ ಇದ್ದ ಕೊರತೆಯನ್ನು ಭಯ ಎಷ್ಟು ಬೆಳೆಸಿತು ಎಂಬುದು ಸಂಘದ ಗುಮಾಸ್ತನಿಗೆ ಕಂಡರೆ ಅವನು ಮುಂದಿನ ಸಲ ಪಾಳಿಯ ಉದ್ದ ನೋಡಿ ಬೇಡಿಕೆ ಬರೆಯುವುದಿಲ್ಲ, ಹಳ್ಳಿಗಳ ಬಿತ್ತನೆ ಕ್ಷೇತ್ರ ನೋಡಿ ಬರೆಯುತ್ತಾನೆ.

ಸಕ್ಕರೆಯ ಕಥೆಯೂ ಹೀಗೇ ಆಟಕ್ಕೆ ಒದಗುತ್ತದೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ಬಿಎಸ್‌ಎಸ್‌ಕೆ, ಇಮಾಮಪುರದ ನಾರಂಜಾ, ಭಾಲ್ಕಿ ತಾಲ್ಲೂಕು ಹುಣಜಿಯ ಮಹಾತ್ಮ ಗಾಂಧಿ ಕಾರ್ಖಾನೆ, ಇವು ಸಹಕಾರಿ ತತ್ವದಲ್ಲಿ ರೈತರ ಷೇರಿನಿಂದ ಎದ್ದವು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಕಬ್ಬು ಬರುವುದು ಚಳಿಗಾಲದ ಕೆಲವೇ ತಿಂಗಳು, ಸಕ್ಕರೆ ಮಾರಾಟವಾಗುವುದು ವರ್ಷಪೂರ್ತಿ. ಕಡಿದ ಕಬ್ಬು ಗಾಣಕ್ಕೆ ಬೀಳುವುದು ತಡವಾದಷ್ಟೂ ಸಕ್ಕರೆ ಇಳುವರಿ ಇಳಿಯುತ್ತದೆ. ಹಾಗಾಗಿ ಕಟಾವು ಚೀಟಿ ಬರೆಯುವ ಫೀಲ್ಡ್‌ಮನ್, ಲಾರಿ ಕಳಿಸುವವರು, ಗಾಣ ನಿಲ್ಲದಂತೆ ನೋಡುವ ಫಿಟ್ಟರ್, ಗೋದಾಮಿನ ಲೆಕ್ಕಿಗ ಎಲ್ಲರೂ ಒಂದೇ ಅಂಕಿಗೆ ಜೋತುಬಿದ್ದಿದ್ದಾರೆ. ಒಂದು ದಿನ ಗಾಣ ನಿಂತರೆ ಎಷ್ಟು ರೂಪಾಯಿ ಎಂದು ಫಿಟ್ಟರಿಗೆ ಯಾರಾದರೂ ಹೇಳಿದ್ದಾರೆಯೇ?

ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಎಂಜಿನ್ ದುರಸ್ತಿ ಕಾರ್ಖಾನೆಯಲ್ಲಿ ಜ್ಯಾಕ್ ಸ್ಟ್ಯಾಕ್ ಹೇಳಲು ಹೊರಟದ್ದು ಇದನ್ನೇ. ಮುಳುಗುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನಿಂದ 1983ರಲ್ಲಿ ಅವರೂ ಜೊತೆಗಾರ ಮ್ಯಾನೇಜರುಗಳೂ ಆ ಘಟಕವನ್ನು ಕೊಂಡರು. ಸ್ವಂತದ್ದು 1 ಲಕ್ಷ ಡಾಲರ್, ಸಾಲ 89 ಲಕ್ಷ. ಬಂಡವಾಳದ 89 ಪಟ್ಟು ಸಾಲ ಹೊತ್ತವರಿಗೆ ಒಂದು ತಪ್ಪಿಗೂ ಅವಕಾಶವಿರಲಿಲ್ಲ. ಸ್ಟ್ಯಾಕ್ ಕಂಪನಿಯ ಲೆಕ್ಕದ ಪುಸ್ತಕಗಳನ್ನು ಬಿಚ್ಚಿ, ಗ್ರೀಸ್ ಕೈಯ ಕೆಲಸಗಾರರಿಗೆ ಲಾಭ–ನಷ್ಟದ ಪಟ್ಟಿ ಓದಲು ಕಲಿಸಿ, ಇಡೀ ವ್ಯವಹಾರವನ್ನೇ ಎಲ್ಲರೂ ಆಡುವ ಆಟವಾಗಿಸಿದರು. ಕಾರ್ಖಾನೆ ಉಳಿಯಿತು, ಬೆಳೆಯಿತು. ಅವರು 1992ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಅಲ್ಲಿ ಬೇಕಾದದ್ದು ಯಂತ್ರವಲ್ಲ, ಹಣವಲ್ಲ. ನೌಕರನಿಗೆ ಇಡೀ ಲೆಕ್ಕ ತೋರಿಸುವ ಧೈರ್ಯ. ಷೇರು ರೈತರದೇ ಆಗಿರುವ ನಮ್ಮ ಸಹಕಾರಿ ಸಂಸ್ಥೆಗಳಲ್ಲಿ ಆ ಧೈರ್ಯ ಇನ್ನೂ ಸುಲಭವಾಗಬೇಕಿತ್ತು.

ಈ ಆಟಗಳಿಂದ ಎಲ್ಲವೂ ಆಗುತ್ತದೆ ಎನ್ನಲಾರೆ. ಸಾಲ ಮರುಪಾವತಿಗೆ ಬಂದು ನಿಂತಾಗ ಮೇಲಿನಿಂದ ಬರುವ ಫೋನು, ಚುನಾವಣೆಯ ವರ್ಷದ ಮನ್ನಾ ನಿರೀಕ್ಷೆ, ಆಡಳಿತ ಮಂಡಳಿಯ ಒಳಜಗಳ, ಇವುಗಳ ಎದುರು ಕಾಗದದ ಸೋಯಾ ದುರ್ಬಲ. ಅಪ್ರಾಮಾಣಿಕನಿಗೆ ಆಟ ಇನ್ನೂ ಜಾಣತನ ಕಲಿಸಬಹುದು. ಆದರೆ ನಾನು ಕಂಡಂತೆ ನಮ್ಮ ಸಣ್ಣ ಸಂಸ್ಥೆಗಳನ್ನು ಕೆಡಿಸುವುದರಲ್ಲಿ ಕಳ್ಳತನಕ್ಕಿಂತ ಕಾಣದಿರುವಿಕೆಯ ಪಾಲು ದೊಡ್ಡದು. ನಂಬಿಗಸ್ಥ ಜನ ಕಷ್ಟಪಟ್ಟು ದುಡಿದು, ಉದ್ರಿ ಎಷ್ಟು ಬೆಳೆದಿದೆ ಎಂದು ಗೊತ್ತಾಗದೆ, ಒಂದು ದಿನ ಸಂಬಳಕ್ಕೂ ರೊಕ್ಕವಿಲ್ಲದೆ ನಿಲ್ಲುತ್ತಾರೆ. ಅಂಥವರಿಗೆ ಆಟ ಉಪಯೋಗಕ್ಕೆ ಬರುತ್ತದೆ.

ಎರಡು ಎಚ್ಚರಗಳು ಬೇಕು. ಮೊದಲನೆಯದು, ಆಟ ಮುಗಿದ ಮೇಲಿನ ಮಾತು. ಒಂದು ಗಂಟೆ ಆಡಿಸಿ, ಚಪ್ಪಾಳೆ ತಟ್ಟಿಸಿ, ಚಹಾಕ್ಕೆ ಕಳಿಸಿದರೆ ಅದು ಬರೀ ಮನರಂಜನೆ. ಎಲ್ಲಿ ನಿರ್ಧಾರ ತಿರುಗಿತು, ಯಾರಿಗೆ ಏನು ಗೊತ್ತಿತ್ತು, ಯಾರು ಯಾಕೆ ಸುಮ್ಮನಿದ್ದರು ಎಂದು ಅಷ್ಟೇ ಹೊತ್ತು ಕೂತು ಬಿಡಿಸಬೇಕು. ಯಾರು ಯಾಕೆ ಸುಮ್ಮನಿದ್ದರು ಎಂಬ ಪ್ರಶ್ನೆ ನಮ್ಮ ಕಡೆ ಬಹಳ ಮುಖ್ಯ. ಅಧ್ಯಕ್ಷರ ಎದುರು ಗುಮಾಸ್ತ ಮಾತಾಡುವುದಿಲ್ಲ, ಗಂಡಸರ ನಡುವೆ ಕೂತ ಎಂಬಿಕೆ ಅಕ್ಕ ತಲೆ ತಗ್ಗಿಸುತ್ತಾಳೆ, ಕೆಲವರ ಮಾತಿಗೆ ಜಾತಿಯ ಕಾರಣದಿಂದಲೇ ತೂಕ ಇಳಿಯುತ್ತದೆ. ಆಟದಲ್ಲಿ ಪಾತ್ರ ಅದಲು ಬದಲು ಮಾಡಬಹುದು: ಗೋದಾಮಿನ ಹುಡುಗ ಅಧ್ಯಕ್ಷನಾಗಲಿ, ಅಧ್ಯಕ್ಷರು ತೇವ ಅಳೆಯಲಿ.

ಎರಡನೆಯದು ಭಾಷೆ. ಮಾರುಕಟ್ಟೆಯಲ್ಲಿ ಸಿಗುವ ಆಟಗಳು ಇಂಗ್ಲಿಷಿನವು, ಪರದೇಶದ ಕಂಪನಿಗಳ ಕಥೆಯವು, ದುಬಾರಿ. ನಮಗೆ ಬೇಕಾದದ್ದು ಕನ್ನಡದ್ದು. ಔರಾದಿನಲ್ಲಿ ಮರಾಠಿ ಮನೆಮಾತಿನವರಿಗೂ ತಿಳಿಯುವಷ್ಟು ಸರಳವಾದದ್ದು. ಉದ್ರಿ, ಅಡತ್, ಹಮಾಲಿ, ತೂಟು, ಲಾಗೋಡಿ ಎಂಬ ಮಾತುಗಳಲ್ಲೇ ನಡೆಯುವಂಥದ್ದು. ಬೀದರಿನ ಬಿದ್ರಿ ಕುಶಲಕರ್ಮಿಗಳಿಗೆ ಬೇರೆಯದೇ ಆಟ ಬೇಕು. ಸತು–ತಾಮ್ರದ ಎರಕ ಒಬ್ಬರ ಕೈ, ಕೆತ್ತನೆ ಇನ್ನೊಬ್ಬರದು, ಬೆಳ್ಳಿ ಕೂರಿಸುವುದು ಮತ್ತೊಬ್ಬರದು, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು. 2006ರಲ್ಲಿ ಜಿಐ ಮಾನ್ಯತೆ ಪಡೆದ ಈ ಕಸುಬಿನಲ್ಲಿ ಆರ್ಡರ್ ಹಿಡಿದ ದಿನದ ಬೆಳ್ಳಿ ದರಕ್ಕೂ ಒಪ್ಪಿಸುವ ದಿನದ ದರಕ್ಕೂ ನಡುವೆ ಲಾಭವೆಲ್ಲ ಕರಗಿ ಹೋಗಬಹುದು. ಆಟದ ನಡುವೆ ಬೆಳ್ಳಿ ದರದ ಚೀಟಿ ಎತ್ತಿಸಿದರೆ ಸಾಕು, ಮುಂಗಡ ಏಕೆ ಕೇಳಬೇಕೆಂಬುದು ಹೇಳದೆ ತಿಳಿಯುತ್ತದೆ.

ಖರ್ಚಿನ ಮಾತು ಬಂದರೆ, ಇದಕ್ಕೆ ಪ್ರೊಜೆಕ್ಟರೂ ಬೇಡ. ರಟ್ಟು, ಹಾಳೆ, ಆಟದ ನೋಟು, ನಾಲ್ಕು ಮೇಜು, ಒಬ್ಬ ಒಳ್ಳೆಯ ತರಬೇತುದಾರ. ಆರ್‌ಸೆಟಿಯಲ್ಲಿ ಆಟ ಆಡಿಸಿ ಪಳಗಿದವರಿದ್ದಾರೆ, ಡಿಸಿಸಿ ಬ್ಯಾಂಕಿಗೆ ಸಹಕಾರಿಗಳಿಗೆ ಕಲಿಸಿದ ಅನುಭವವಿದೆ, ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬೆಳೆಯ ಲೆಕ್ಕ ಗೊತ್ತು. ಮೂವರೂ ಒಂದು ವಾರ ಕೂತು ಸೋಯಾದ್ದೊಂದು, ಗೊಬ್ಬರದ್ದೊಂದು, ಒಕ್ಕೂಟದ ಸಾಲದ್ದೊಂದು, ಹೀಗೆ ಮೂರು ಆಟ ಕಟ್ಟಿದರೆ ಜಿಲ್ಲೆಗೆಲ್ಲ ಸಾಕು.

ಸಮಯವನ್ನೂ ಹೇಳಿಬಿಡುತ್ತೇನೆ. ಮಾರ್ಚ್‌ನ ಲೆಕ್ಕ ಮುಗಿದಿರುತ್ತದೆ, ತೊಗರಿ–ಕಡಲೆ ಮನೆ ಸೇರಿರುತ್ತವೆ, ಮಿರುಗಕ್ಕೆ ಇನ್ನೂ ಒಂದೂವರೆ ತಿಂಗಳು. ಏಪ್ರಿಲ್ ಕೊನೆಯ ಎರಡು ದಿನ ಸಂತಪುರದ ಒಂದು ಶಾಲೆಯ ಕೋಣೆ ಕೇಳಿ ಪಡೆಯಬಹುದು. ಆಗ ಮಕ್ಕಳಿಗೆ ರಜೆ. ಹೋಬಳಿಯ ಪಿಕೆಪಿಎಸ್‌ಗಳಿಂದ ಇಬ್ಬಿಬ್ಬರು, ಒಕ್ಕೂಟಗಳ ಎಂಬಿಕೆಗಳು, ರೈತ ಕಂಪನಿಯ ಎಲ್ಲ ನೌಕರರು. ಮೊದಲ ದಿನ ದೋಣಿ ಮತ್ತು ತುಂಡು ಚೌಕ. ಎರಡನೆಯ ದಿನ ಬೆಳಿಗ್ಗೆ ಸೋಯಾ ಆಟದ ಎರಡು ಸುತ್ತು. ಮಧ್ಯಾಹ್ನ ಪ್ರತಿ ಸಂಘದವರೂ ತಮ್ಮದೇ ಹಿಂದಿನ ವರ್ಷದ ಜಮಾ–ಖರ್ಚು ಪಟ್ಟಿ ಹರಡಿಕೊಂಡು ಕೂರಬೇಕು. ನಮ್ಮ ರೊಕ್ಕ ಎಲ್ಲಿ ಎಷ್ಟು ದಿನ ಕೂತಿತ್ತು ಎಂಬ ಒಂದು ಪ್ರಶ್ನೆಗೆ ಸಂಜೆಯೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ಆ ಉತ್ತರವನ್ನು ಜೂನ್‌ನ ಆಡಳಿತ ಮಂಡಳಿ ಸಭೆಯ ಮೊದಲ ವಿಷಯವನ್ನಾಗಿ ಸೇರಿಸಲು ಕಾರ್ಯದರ್ಶಿಗಳಿಗೆ ಅಧಿಕಾರವಿದೆ.